ದೇಗಾಂವದ ಎಮ್ಮಿಗೆ ನೆರಳು ಹುಡುಕಿದ ಬ್ಯಾಸಗಿ

ಹೆಣ್ಣುಗರಾ! ನಮ್ಮ ಎಮ್ಮಿ ಹೆಣ್ಣುಗರಾ ಹಾಕೇತಿ! ತಾಯಿ ಎದ್ದು ನಿಂತೈತಿ, ಕರಾನೂ ಎದ್ದು ನಿಂತೈತಿ, ಮೊಲಿ ಬಾಯಾಗ ಹಿಡದೈತಿ!

ಹಿಂಗ ಕೂಗಿಕೋತ ನಾನು ಅವತ್ತು ಮುಂಜಾನೆ ಬರಿಗಾಲಿಲೆ ಓಣಿ ತುಂಬ ತಿರುಗಾಡಿದೆ. ಸೆರಗು ಎತ್ತ ಹಾರೇತಿ, ಕೈಗೆ ಏನ ಹತ್ತೇತಿ, ಒಂದರ ಖಬರಿಲ್ಲ. ಹಿಟ್ಟಿನ ಗಿರಣಿ ಮುಂದ ಕುಂತ ಹೆಣ್ಣಮಕ್ಕಳು, "ಯಾರು ಹಡದ್ರಬೇ? ಮಗಳೋ ಸೊಸಿಯೋ?" ಅಂತ ಕೇಳಿದ್ರು. "ಎರಡೂ ಅಲ್ಲ, ಎಮ್ಮಿ!" ಅಂದೆ. ಅವರೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕರು. ನಾನೂ ಅವರ ಜೋಡಿ ನಿಂತು ಕಣ್ಣಾಗ ನೀರು ಬರೂವಂಗ ನಕ್ಕೆ. ಮೊಮ್ಮಗಳು ಹುಟ್ಟಿದಾಗ ಓಣಿಗೆ ಸಕ್ಕರಿ ಹಂಚಿದ್ದೆ, ಅವತ್ತೂ ಸಕ್ಕರೀನೇ ಹಂಚಿದೆ. ಡಬ್ಬಿ ಖಾಲಿ ಆತು, ಸಂಜೀಕೆ ಚಹಾಕ್ಕ ಬೆಲ್ಲ ಹಾಕಬೇಕಾತು.

ನಾನು ಸಾಲಿಗೆ ಹೋದದ್ದು ಎರಡನೇ ಇಯತ್ತೆ ತನಕ ಅಷ್ಟ. ಅಕ್ಷರ ಕೂಡಿಸಿ ಬರೀತೇನಿ, ತಪ್ಪಿದ್ರ ಓದೂವರು ಸರಿ ಮಾಡಿಕೊಳ್ರಿ. ಎಮ್ಮಿ ಎಲ್ಲಾರ ಮನ್ಯಾಗೂ ಈಯತಾವು, ಇಕಿ ಯಾಕ ಇಷ್ಟು ಕುಣೀತಾಳ ಅಂತ ನಿಮಗ ಅನಸಬಹುದು. ಅದು ಈದದ್ದು ಬೆಂಕಿ ಸುರಿಯೂ ಬ್ಯಾಸಗ್ಯಾಗ. ಹಿಂದಿನ ವರ್ಷ ಅಂಥದ ಬ್ಯಾಸಗ್ಯಾಗ ಅದರ ಕರಾ ಸತ್ತಿತ್ತು, ಅದೂ ಸಾಯಬೇಕಾಗಿತ್ತು, ಕೂದಲೆಳಿಯಷ್ಟರಾಗ ಉಳೀತು. ಈ ಸಲಾನೂ ಹಂಗಾದ್ರ ಎಮ್ಮಿ ನಮ್ಮ ಮನಿ ಬಿಟ್ಟು ಹೋಗತಿತ್ತು. ಮತ್ತ ಅದು ಬರೇ ಎಮ್ಮಿ ಆಗಿರಲಿಲ್ಲ, ನನ್ನ ಸೊಸಿಯ ತವರಿನ ಎಮ್ಮಿ.

ನಮ್ಮೂರು ರಾಮದುರ್ಗ ತಾಲೂಕಿನಾಗ ಕಟಕೋಳದ ಕಡೆ. ಕರಿ ಎರಿ ಭೂಮಿ. ಜೋಳ, ಕಡ್ಲಿ ಚಲೋ ಬೆಳೀತಾವು. ಆದ್ರ ಹೋಳಿ ಹುಣ್ಣಿಮಿ ಮುಗೀತಂದ್ರ ಬಿಸಲಿಗೆ ಹೊಲ ಬಿರುಕು ಬಿಡತೈತಿ, ಕೈ ಹಾಕಿದ್ರ ಮೊಣಕೈ ತನಕ ಹೋಗತೈತಿ. ಸೊಸಿಯ ತವರು ಕಿತ್ತೂರ ಕಡೆ, ದೇಗಾಂವ. ಅಲ್ಲಿ ಗಿಡ, ಕೆರಿ, ಭತ್ತದ ಗದ್ದಿ. ಮಳಿಗಾಲದಾಗ ಜಿಟಿಜಿಟಿ ಹಿಡೀತಂದ್ರ ಹಾಸಿಗಿ ಅರಿವಿ ಸೈತ ಒಣಗೂದಿಲ್ಲ. ಒಂದ ಜಿಲ್ಲಾ ಅಂತಾರ, ಹವಾ ಮಾತ್ರ ಬ್ಯಾರೇನ.

ಬೀಗರ ಮನಿತನದಾಗ ಒಂದು ರೂಢಿ ಐತಿ. ಮಗಳು ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನಿಗೆ ಹೊಂಟ್ರ, ತೊಟ್ಟಿಲದ ಜೋಡಿ ಹಾಲು ಹಿಂಡೂ ಎಮ್ಮಿ ಕಳಸ್ತಾರ. ಮಗಳ ಕೂಸು ತವರಿನ ಹಾಲು ಕುಡದು ಬೆಳೀಲಿ ಅಂತ. ತೊಂಬತ್ತರ ದಶಕ ಮುಗಿಯೂ ಹೊತ್ತಿಗೆ ನಮ್ಮ ಮೊಮ್ಮಗಳು ಹಂಗ ಬಂದ್ಲು. ನಮ್ಮ ಓಣಿಯ ಸಾಬರ ಹುಡುಗ ಟೆಂಪೋ ಹೊಡೀತಿದ್ದ, ಅವನ ಟೆಂಪೋದಾಗ ಒಂದ ಕಡೆ ತೊಟ್ಟಿಲ, ಒಂದ ಕಡೆ ಎಮ್ಮಿ, ಅದರ ಕರಾ. ಮನಿ ಮುಂದ ಇಳಿಸಿದವನ, "ಆಯಿ, ಬೀಗರು ಎಮ್ಮಿ ಕಳಸ್ಯಾರ. ಸೊಸಿನ್ನ ಅದರ ಮ್ಯಾಲೆ ಫುಕಟ ಕೊಟ್ಟಾರ ನೋಡ್ರಿ!" ಅಂದ. ಸೊಸಿ ಕೂಸಿನ್ನ ಎತ್ತಿಕೊಂಡು ಇಳಕೋತ, "ನಿನ್ನ ಬಾಯಾಗ ಶೆಗಣಿ ಹಾಕ್ತೇನಿ ನಿಲ್ಲು" ಅಂದ್ಲು. ಆ ಎಮ್ಮಿ ಏನ ಎಮ್ಮಿ ಅಂತೀರಿ! ಎಣ್ಣಿ ಹಚ್ಚಿದಂಥಾ ಕರಿ ಮೈ, ಕೋಡು ಸುರುಳಿ. ನೋಡಾಕ ಅರ್ಧ ಊರು ಬಂದಿತ್ತು.

ನಮ್ಮದು ಹಳೇ ಮಣ್ಣಿನ ಮಾಳಿಗಿ ಮನಿ. ತಲಬಾಗಲ ದಾಟಿದ ಕೂಡಲೇ ತಗ್ಗಿನಾಗ ದನದ ಅಂಕಣ, ಮೆಟ್ಟಲಾ ಹತ್ತಿದ್ರ ನಾವು ಇರೂ ಪಡಸಾಲಿ. ಮೊದಲು ಅಂಕಣದಾಗ ಎತ್ತು ಇದ್ದವು. ಊರಾಗ ಟ್ರ್ಯಾಕ್ಟರ್ ಬಾಡಿಗಿಗೆ ಸಿಗಾಕ ಹತ್ತಿದ ಮ್ಯಾಲೆ ಎತ್ತು ಹೋದ್ವು, ಅಂಕಣದಾಗ ಕಟಗಿ, ಶೇಂಗಾ ಚೀಲ ತುಂಬಿದ್ವಿ. ಎಮ್ಮಿ ಬಂದಾಗ ಅಲ್ಲೇ ಕಟ್ಟೂಣು ಅಂತ ನಾನಂದೆ. ನನ್ನ ಮಗ ಕೇಳಲಿಲ್ಲ.

"ಯವ್ವಾ, ಬೀಗರು ಇಂಥಾ ಎಮ್ಮಿ ಕಳಸ್ಯಾರ. ಕತ್ತಲ್ಯಾಗ ಕಟ್ಟಿದ್ರ ಮಂದಿ ಏನಂತಾರ? ಈಗ ಯಾರು ಮನಿಯೊಳಗ ದನ ಕಟ್ಟತಾರ?" ಅಂದು ಹಿತ್ತಲದಾಗ ತಗಡಿನ ಶೆಡ್ಡು ಹಾಕಿಸಿದ. ಮ್ಯಾಲೆ ತಗಡು, ಮೂರೂ ಕಡೆ ತಗಡು, ನೆಲಕ್ಕ ಫರಸಿ ಕಲ್ಲು. ಬಿಸಲು ಬಿದ್ರ ಹೊಲದಿಂದ ನೋಡಿದ್ರೂ ಮಿಂಚತಿತ್ತು. ಅವನಿಗೆ ಅದರ ಮ್ಯಾಲೆ ಭಾಳ ಅಭಿಮಾನ.

ಮಳಿಗಾಲ, ಚಳಿಗಾಲ ಚಂದ ಹೋದ್ವು, ಜೋಡಿ ಬಂದ ಕರಾ ಹಾಲು ಬಿಟ್ಟ ಮ್ಯಾಲೆ ಬೀಗರ ಮನಿಗೆ ಹೊಳ್ಳಿ ಹೋತು. ಬ್ಯಾಸಗಿ ಬಂತು ನೋಡ್ರಿ, ಎಮ್ಮಿ ಬದಲಾತು. ಹಾಲು ಇಳೀತು. ಮಧ್ಯಾಹ್ನ ಹಾಕಿದ ಕಣಿಕಿ ಹಂಗ ಗ್ವಾದ್ಲ್ಯಾಗ ಬಿದ್ದಿರತಿತ್ತು. ಒಣ ನೆಲದ ಮ್ಯಾಲೆ ಮಲಗೂದ ಬಿಟ್ಟು ದಿನಾ ನಿಂತ ಇರತಿತ್ತು. ನೀರು ಇಟ್ರ ಮೂತಿ ಮುಳಗಿಸಿ, ಕಾಲಿಲೆ ಬಾನಿ ಕೆದರಿ ಚೆಲ್ಲತಿತ್ತು, ತನ್ನ ಗಂಜಳದ ರಾಡ್ಯಾಗ ಹೊಳ್ಳಾಡತಿತ್ತು. "ಎಂಥಾ ಹೊಲಸ ಎಮ್ಮಿ ಇದು" ಅಂತ ನಾವು ಬೈದು ಬೈದು ಒಣ ಮಾಡತಿದ್ವಿ. ಅದು ಮೈ ತಣ್ಣಗ ಮಾಡಿಕೊಳ್ಳಾಕ ಹಸಿ ಹುಡಕತಿತ್ತು, ನಾವು ಅದನ್ನ ಕಸಗೊಳ್ಳತಿದ್ವಿ. ಬ್ಯಾಸಗಿ ತುಂಬ ಬೆದಿಗೆ ಬರಲಿಲ್ಲ. ಮಳಿ ಬಿದ್ದ ಮ್ಯಾಲೇನೇ ಬಂದು ಗಬ್ಬ ಆತು. ಎಮ್ಮಿ ಹೊರೂದು ಹತ್ತು ತಿಂಗಳು. ಹಂಗಾಗಿ ಮುಂದಿನ ಬ್ಯಾಸಗ್ಯಾಗ ಈತು.

ಆ ಸಲ ಬೀಗತಿ ಕೈಗೂಡಸಾಕ ಅಂತ ದೇಗಾಂವದಿಂದ ಬಂದಿದ್ರು. ಅವರ ಊರಾಗ ಈದ ಎಮ್ಮಿಗೆ ಬಾಣಂತಿಗೆ ಮಾಡಿದಂಗ ಎಲ್ಲಾ ಮಾಡತಾರ. ಗಾಳಿ ತಾಗದಂಗ ಮುಚ್ಚೂದು, ಬೆನ್ನ ಮ್ಯಾಲೆ ಗೋಣಿ ತಟ್ಟು ಹೊಚ್ಚೂದು, ಅಗ್ಗಿಷ್ಟಿಗಿ ಇಟ್ಟು ಅಜಿವಾನದ ಹೊಗಿ ಹಾಕೂದು, ತಣ್ಣೀರು ಬಂದ್ ಮಾಡಿ ಬೆಲ್ಲದ ಬಿಸಿನೀರು ಅಷ್ಟ ಕುಡಿಸೂದು. ಅಲ್ಲಿ ಎಮ್ಮಿ ಈಯೂದು ಜಿಟಿಜಿಟಿ ಮಳ್ಯಾಗ, ಥಂಡಿ ಹತ್ತಬಾರದಂದ್ರ ಅದೆಲ್ಲಾ ಬೇಕ. ಇಲ್ಲಿ ನಾವು ಬ್ಯಾಸಗಿಯ ತಗಡಿನ ಶೆಡ್ಡಿನಾಗ ಅದನ್ನ ಮಾಡಿದ್ವಿ. ಅಕ್ಕರತಿ ಇಂದಾನೇ ಮಾಡಿದ್ವಿ, ಒಬ್ಬರಿಗಿಂತ ಒಬ್ಬರು ಮುಂದ ಬಿದ್ದು. ನಾಕನೇ ಬದಿಗೂ ಕೌದಿ ಕಟ್ಟಿ ಮುಚ್ಚಿದ್ವಿ!

ಎಮ್ಮಿ ಬಾಯಿ ತೆರದು ತೇಕಾಕ ಹತ್ತಿತು. ನಾಲಿಗಿ ಹೊರಗ, ಜೊಲ್ಲು ದಾರದಂಗ ನೆಲಕ್ಕ ಇಳೀತಿತ್ತು. ಕೆಚ್ಚಲ ಬತ್ತಿತು. ಕರಾಕ್ಕ ನಿಲ್ಲೂ ತ್ರಾಣ ಇರಲಿಲ್ಲ, ಉಳೀಲಿಲ್ಲ. ದನದ ಡಾಕ್ಟರು ಬಂದವರ ಮೊದಲು ಕೌದಿ ಕಿತ್ತು ಒಗದ್ರು. "ಇದಕ್ಕ ಜಡ್ಡಾಗಿಲ್ಲ, ಬಿಸಲು ಬಡದೈತಿ. ಮೊದಲ ಕರಿ ಚರ್ಮ, ಬೆವರೂದು ಕಡಿಮಿ. ಒಳಗಿನ ಕಾವು ಹೊರಗ ಹೋಗಬೇಕಂದ್ರ ನೀರು ಬೇಕು, ನೆರಳು ಬೇಕು, ಗಾಳಿ ಬೇಕು" ಅಂತ ಹೇಳಿ, ಮೈಮ್ಯಾಲೆ ಕೊಡಗಟ್ಟಲೆ ನೀರು ಹಾಕಿಸಿ, ಸೂಜಿ ಮಾಡಿ ಎಮ್ಮಿ ಉಳಿಸಿದ್ರು. ಸೊಸಿ ಆ ಸತ್ತ ಕರಾದ ಹಗ್ಗ ಗೂಟದಿಂದ ಬಿಚ್ಚಲೇ ಇಲ್ಲ. ಅದು ಅಲ್ಲೇ ಉಳೀತು.

ಮತ್ತ ಮಳಿ ಬಂತು, ಮತ್ತ ಎಮ್ಮಿ ಗಬ್ಬ ಆತು. ನಾನು ಕೈಬಟ್ಟು ಎಣಿಸಿ ನೋಡಿದೆ. ಅಯ್ಯ ಶಿವನ, ಮತ್ತ ಬ್ಯಾಸಗಿಗೇ ಬರತೈತಿ!

ಮಗ ತನ್ನ ಮನಸಿನಾಗ ನಿರ್ಧಾರ ಮಾಡಿಬಿಟ್ಟಿದ್ದ. ಸಂಕ್ರಾಂತಿ ಮುಗಿದ ಮ್ಯಾಲೆ ಒಂದಿನ ಮುಂಜಾನೆ ಟೆಂಪೋ ಬಂದು ಮನಿ ಮುಂದ ನಿಂತಿತು. ಸವದತ್ತಿ ಕಡೆ ಸಂತಿಗೆ ಒಯ್ಯಾಕ.

"ಗಬ್ಬ ಇದ್ದಾಗ ಚಲೋ ಮನಿ ಸಿಗತೈತಿ ಯವ್ವಾ. ನಮ್ಮ ಹವಾಕ್ಕ ಅದು ತಾಳೂದಿಲ್ಲ. ಕಣ್ಣ ಮುಂದ ಸಾಯೂದನ್ನ ಇನ್ನೊಮ್ಮೆ ನೋಡೂದು ನನ್ನ ಕೈಲೆ ಆಗೂದಿಲ್ಲ" ಅಂದ. ಅವನದೂ ಸುಳ್ಳಲ್ಲ. ಅವ ಕಲ್ಲ ಮನಸಿನಾವ ಅಲ್ಲ.

ಸೊಸಿ ಶೆಡ್ಡಿಗೆ ಹೋಗಿ ಎಮ್ಮಿ ಬೆನ್ನ ಮ್ಯಾಲೆ ಕೈಯಿಟ್ಟು ನಿಂತ್ಲು. ತೊಟ್ಟಿಲದ ಜೋಡಿ ಬಂದ ಎಮ್ಮಿ ಸಂತಿಗೆ ಹೋತಂದ್ರ ತವರಿಗೆ ಹೋಗಿ ಯಾವ ಬಾಯಿಲೆ ಹೇಳಬೇಕು ಅಕಿ? ಟೆಂಪೋದ ಹುಡುಗನೂ ಇಳೀಲಿಲ್ಲ. "ನಾನ ತಂದಾವ, ನಾನ ಒಯ್ಯಬೇಕಂದ್ರ ನನಗೂ ಮನಸಿಲ್ಲ ಆಯಿ" ಅಂದ.

ನಾನು ಹೋಗಿ ಶೆಡ್ಡಿನ ಬಾಯಾಗ ಕುಂತುಬಿಟ್ಟೆ. "ಈ ಬ್ಯಾಸಗಿ ನನಗ ಬಿಡು" ಅಂದೆ ಮಗನಿಗೆ. "ಈ ಬ್ಯಾಸಗಿ ಅದು ಚಂದ ಈದ್ರ ಇಲ್ಲೇ ಇರತೈತಿ. ಇಲ್ಲಂದ್ರ ಮಳಿಗಾಲಕ್ಕ ನಾನ ಹಗ್ಗ ಹಿಡದು ಟೆಂಪೋ ಹತ್ತಸ್ತೇನಿ."

"ನೀ ಏನ ಸೂರ್ಯಾನ ಕೈ ಹಿಡೀತಿಯೇನು?" ಅಂದ ಮಗ.

"ಸೂರ್ಯಾನ ಕೈ ಯಾಕ ಹಿಡೀಲಿ, ಅವನ ಕಣ್ಣ ತಪ್ಪಸ್ತೇನಿ" ಅಂದೆ. ಬಾಯಿಲೆ ಅಂದೆ ಖರೆ, ಹೆಂಗ ಅಂತ ನನಗ ಗೊತ್ತಿರಲಿಲ್ಲ. ಟೆಂಪೋ ಖಾಲಿ ಹೋತು.

ನನಗ ಕೌದಿ ಹೊಲಿಯೂ ಚಟ. ಹಳೇ ಸೀರಿ, ಧೋತರ ತುಂಡು ಕೂಡಿಸಿ ದಿನಾ ಮಧ್ಯಾಹ್ನ ಪಡಸಾಲ್ಯಾಗ ಕುಂತು ಹೊಲೀತೇನಿ. ಬಿಸಲು ಏರಾಕ ಹತ್ತಿದ ಮ್ಯಾಲೆ ಒಂದಿನ ಅನಸ್ತು: ನಾನು ತಂಪಿನಾಗ ಕುಂತು ಎಮ್ಮಿ ಕಾವು ಹೆಂಗ ತಿಳಕೊಳ್ಳಲಿ? ಸೂಜಿ, ದಾರ, ಕೌದಿ ಎತ್ತಿಕೊಂಡು ಹೋಗಿ ತಗಡಿನ ಶೆಡ್ಡಿನಾಗ ಎಮ್ಮಿ ಮಗ್ಗಲ ಕುಂತೆ. ಎಮ್ಮಿ ಎಲ್ಲಿ ನಿಲ್ಲತೈತಿ, ನಾನು ಅಲ್ಲಿ ಕುಂತು ಕೌದಿ ಹೊಲೀಬೇಕು. ನನ್ನ ಕೈಲೆ ಹೊತ್ತು ಇಳಿಯೂ ತನಕ ಹೊಲಿಯಾಕ ಆದ್ರ ಅದು ಎಮ್ಮಿ ಜಾಗ, ಆಗದಿದ್ರ ಅಲ್ಲ.

ಒಂದು ಸಾಲು ಹಾಕೂದ್ರಾಗ ಸಾಕಾತು. ತಗಡು ಕಾದು ಟಣ್ ಟಣ್ ಅಂತಿತ್ತು. ಮ್ಯಾಲಿಂದ ಕಾವು, ಮಗ್ಗಲಿಂದ ಕಾವು, ಕೆಳಗ ಫರಸಿ ಹೆಂಚಿನಂಗ. ಬೆವರಿಗೆ ಸೂಜಿ ಕೈಯಾಗ ನಿಲ್ಲವಲ್ತು. ನನಗರ ಬೆವರು ಬಂತು, ಎದ್ದು ಹೊರಗ ಹೋಗಾಕ ಕಾಲು ಸಡ್ಲ ಇದ್ದವು. ಅದರ ಕೊರಳಾಗ ಹಗ್ಗ ಇತ್ತು.

ಮರುದಿನ ಹಿತ್ತಲದ ಬೇವಿನ ಗಿಡದ ಕೆಳಗ ಅದನ್ನ ಕಟ್ಟಿ ನಾನೂ ಕುಂತೆ. ಊಟದ ಹೊತ್ತಿನ ತನಕ ಸ್ವರ್ಗ. ಆಮ್ಯಾಲೆ ನೆರಳು ಗಿಡದ ಆಚಿ ಮಗ್ಗಲಿಗೆ ಜಾರಿತು, ಬಯಲಿಂದ ಬಿಸಿಗಾಳಿ ಮಾರಿಗೆ ಹೊಡೀತು. ಬೇಲಿ ಆಚಿಂದ ಒಬ್ಬಾಕಿ ಹಣಿಕಿ ಹಾಕಿ, "ಏನಬೇ, ಎಮ್ಮಿಗೂ ಕೌದಿ ಹೊಲ್ಯಾಕ ಹತ್ತೀಯೇನು? ಅಳತಿ ತಗೊಂಡಿಯಿಲ್ಲೋ?" ಅಂದ್ಲು. "ನಿನ್ನ ಅಳತೀದ ಹೊಲ್ಯಾಕ ಹತ್ತೇನಿ, ಎಮ್ಮಿಗೆ ಸಡ್ಲಾದೀತು" ಅಂದೆ. ಅಕಿ ಸ್ವಲ್ಪ ದಪ್ಪ ಇದ್ಲು. ನಕ್ಕೋತ ಹೋದ್ಲು.

ಕಡೀಕ ಅಂಕಣಕ್ಕ ಬಂದೆ. ಸೊಸಿಯೂ ನಾನೂ ಕಟಗಿ, ಚೀಲ ಎಲ್ಲಾ ಹೊರಗ ಹಾಕಿ, ಸಾರಿಸಿ, ಎಮ್ಮಿ ತಂದು ಕಟ್ಟಿದ್ವಿ. ಗೇಣಿಗಟ್ಟಲೆ ಮಣ್ಣಿನ ಮಾಳಿಗಿ, ಮೊಳದಗಲ ಗ್ವಾಡಿ. ಹೊಕ್ಕ ಕೂಡಲೇ ಮೈಗೆ ತಂಪು. ಆದ್ರ ಕುಂತು ಹೊಲಿಯೂಮುಂದ ಉಸಿರು ಕಟ್ಟಿದಂಗಾತು. ತಲಬಾಗಲ ಒಂದ ಬಿಟ್ರ ಗಾಳಿಗೆ ಹಾದಿ ಇಲ್ಲ. ತಂಪೈತಿ, ಗಾಳಿ ಇಲ್ಲ. ಡಾಕ್ಟರು ಮೂರೂ ಹೇಳಿದ್ರಲ್ಲ!

"ಎದುರಿನ ಗ್ವಾಡಿಗೆ ಕಿಂಡಿ ಹೊಡೀರಿ" ಅಂತ ಯಜಮಾನರಿಗೆ ಅಂದೆ.

"ನಮ್ಮಪ್ಪ ಕಟ್ಟಿಸಿದ ಗ್ವಾಡಿ. ಎಮ್ಮಿ ಸಂಬಂಧ ಒಡಿ ಅಂತೀ?" ಅಂದ್ರು ಅವರು, ತಂಬಾಕ ತಿಕ್ಕಿಕೋತ.

"ನಿಮ್ಮಪ್ಪ ದನದ ಸಂಬಂಧ ಕಟ್ಟಿಸಿದ ಗ್ವಾಡಿ. ಅವರಿದ್ರ ನಿಮಗ ಕೇಳದ ಒಡೀತಿದ್ರು. ಬರ್ರಿ, ಇಲ್ಲಿ ಹೊತ್ತು ಇಳಿಯೂ ತನಕ ಕುಂತು ತಂಬಾಕ ತಿಕ್ಕ್ರಿ ನೋಡೂಣು."

ಕುಂತ್ರು. ಸ್ವಲ್ಪ ಹೊತ್ತಿಗೆ ಅಂಗಿ ಕಳದ್ರು. ಆಮ್ಯಾಲೆ ಎದ್ದು ಹೋದ್ರು. ಸಿಟ್ಟಾದ್ರು ಅಂದುಕೊಂಡೆ. ಕಬ್ಬಣದ ಹಾರಿ ತಗೊಂಡು ಬಂದ್ರು! ಎದುರಾಬದುರಾ ಎರಡು ಕಿಂಡಿ ಹೊಡದ್ರು. ಹೊಡದು ಮುಗದ ಕೂಡಲೇ ಗಾಳಿ ಆ ಕಡಿಂದ ಈ ಕಡೆ ಸರ್ ಅಂತ ಹಾದು ಹೋತು. ಎಮ್ಮಿ ಕಿವಿ ನಿಮಿರಿಸಿ ಆ ಕಡೆ ಹೊಳ್ಳಿ ನೋಡಿತು. ನಾವು ಕಿಂಡಿಗೆ ಗೋಣಿ ತಟ್ಟು ತೋಯಿಸಿ ಇಳಿಬಿಟ್ವಿ. ಬಿಸಿಗಾಳಿ ಅದರಾಗಿಂದ ತಂಪಾಗಿ ಒಳಗ ಬರತಿತ್ತು. ಗೋಣಿ ತಟ್ಟು ಅದ, ಹಿಂದಿನ ವರ್ಷ ಬೆನ್ನ ಮ್ಯಾಲೆ ಇತ್ತು, ಈ ವರ್ಷ ಕಿಂಡ್ಯಾಗ.

ಮಗ ಹೊಲದಿಂದ ಬಂದು ನೋಡಿ, "ಮಂದಿ ಮುಂದ ಹೋಗಾಕ ಹತ್ಯಾರ, ನಾವು ಮನಿಯೊಳಗ ಎಮ್ಮಿ ಕಟ್ಟಿ ಹಿಂದ ಹೊಂಟ್ವಿ" ಅಂತ ಗೊಣಗಿದ. ಮೊಮ್ಮಗಳು ಮಾತ್ರ ಮೆಟ್ಟಲ ಮ್ಯಾಲಿಂದ ಇಳಿಯವಲ್ಲಳು. ಎಮ್ಮಿ ಮಾರಿ ಅಕಿ ಮಾರಿ ಸಮಾ ಸಮಾ, ಮಾತ ಮಾತು.

ಆಮ್ಯಾಲೆ ಮನಿಯ ಹೊತ್ತೆಲ್ಲಾ ಎಮ್ಮಿ ಹೊತ್ತಾತು. ಮಧ್ಯಾಹ್ನ ಮೇವು ಬಂದ್. ಮೇವು ಕರಗೂಮುಂದ ಹೊಟ್ಟ್ಯಾಗ ಕಾವು ಹುಟ್ಟತೈತಿ ಅಂತ ಡಾಕ್ಟರು ಹೇಳಿದ್ರು. ಅದಕ್ಕ ಕೋಳಿ ಕೂಗೂಮುಂದ ಒಮ್ಮೆ, ಹೊತ್ತು ಮುಣಗಿದ ಮ್ಯಾಲೆ ಒಮ್ಮೆ ಹಾಕತಿದ್ವಿ. ನೀರು ಬಾನಿ ತುಂಬ ಯಾವಾಗಲೂ ಇರಬೇಕು, ಮಗ್ಗಲ ಒಂದು ಉಪ್ಪಿನ ಹಳ್ಳು. ಮೂರು ಸಂಜಿ ಮುಂದ ಸೊಸಿ ಹಳ್ಳದ ಮಡುವಿನ ತನಕ ಹೊಡಕೊಂಡು ಹೋಗತಿದ್ಲು. ಹೊಟ್ಟಿ ದೊಡ್ಡದಾದ ಮ್ಯಾಲೆ ಅದೂ ಬ್ಯಾಡಂತ ಅಂಕಣದಾಗ ಮೈಮ್ಯಾಲೆ ನೀರು ಹಾಕಿದ್ವಿ. ಮೊಮ್ಮಗಳು ಅದರ ಜೋಡೀನ ಜಳಕ ಮಾಡತಿದ್ಲು. ಬಚ್ಚಲಕ್ಕ ಕರದ್ರ, "ಎಮ್ಮಿ ಬರತೈತೇನು?" ಅಂತ ಕೇಳತಿದ್ಲು.

ನಾನು ಅಲ್ಲೇ ಮೆಟ್ಟಲದ ಮ್ಯಾಲೆ ಕುಂತು ಕೌದಿ ಹೊಲೀತಿದ್ದೆ. ಒಂದಿನ ಸುಡು ಮಧ್ಯಾಹ್ನ, ಹೊರಗ ನಾಯಿ ಸೈತ ಓಡಾಡವಲ್ಲದು, ನನ್ನ ಹಿಂದ ಏನೋ ಸಪ್ಪಳ. ಕರಮ್ ಕರಮ್. ಹೊಳ್ಳಿ ನೋಡ್ತೇನಿ, ಎಮ್ಮಿ ಕಾಲು ಮಡಚಿ ಮಲಗೇತಿ, ಕಣ್ಣು ಅರ್ಧ ಮುಚ್ಚೇತಿ, ಮೆಲಕ ಹಾಕಾಕ ಹತ್ತೇತಿ! ಎರಡು ಬ್ಯಾಸಗಿ ಆ ಸಪ್ಪಳ ಮಧ್ಯಾಹ್ನದಾಗ ಕೇಳಿರಲಿಲ್ಲ. ಸೊಸೀನ ಕೈ ಮಾಡಿ ಕರದೆ. ಇಬ್ಬರೂ ಮೆಟ್ಟಲದ ಮ್ಯಾಲೆ ಕುಂತು ಬಾಯಿ ಮುಚ್ಚಿಕೊಂಡು ಕೇಳಿದ್ವಿ.

ಸುಖಾ ಸುಮ್ಮನ ಬರಲಿಲ್ಲ. ದಿನ ತುಂಬೂ ಹೊತ್ತಿಗೆ ಓಣಿಯ ಬೋರಿನ ಹಿಡಕಿ ಮುರೀತು. ಕುಡಿಯಾಕ ನೀರು ತರಾಕ ಊರ ಹೊರಗಿನ ಬಾವಿಗೆ ಹೋಗಬೇಕಾತು. ಪಾಳೇದಾಗ ನಿಂತವರು, "ಇಕಿ ಎಮ್ಮಿ ಮೈತೊಳ್ಯಾಕ ಬಂದಾಳ, ಮಕ್ಕಳ ಗಂಟಲಕ್ಕ ನೀರಿಲ್ಲ" ಅಂದ್ರು. ಅವರ ಮಾತು ನ್ಯಾಯದ್ದ. ಆ ಬಾವಿಯ ನೀರು ಎಮ್ಮಿ ಮೈಗೆ ಒಂದು ತಂಬಿಗಿನೂ ಹಾಕಬಾರದಂತ ನಾನು, ಸೊಸಿ ಮಾತಾಡಿಕೊಂಡ್ವಿ. ಪಾತ್ರಿ ತಿಕ್ಕಿದ ನೀರು, ಜಳಕದ ನೀರು, ಅಕ್ಕಿ ತೊಳದ ನೀರು ಕೂಡಿಸಿ ಗೋಣಿ ತೋಯಿಸಿದ್ವಿ. ಆದ್ರ ಮೈಗೆ ಅದು ಸಾಲವಲ್ತು. ಟೆಂಪೋ ಹುಡುಗಗ ಹೆಂಗ ಗೊತ್ತಾತೋ, ಬ್ಯಾರಲ್ ಇಟಗೊಂಡು ಹೋಗಿ ಮಲಪ್ರಭಾದ ಮಡುವಿನಾಗ ತುಂಬಿಕೊಂಡು ಬಂದು ಮನಿ ಮುಂದ ಇಳಿಸಿದ. "ಮಳಿಗಾಲಕ್ಕ ನನ್ನ ಟೆಂಪೋ ಹತ್ತಸ್ತೇನಿ ಅಂದೀರಿ ಆಯಿ. ಅದು ತಪ್ಪಲಿ ಅಂತ ತಂದೇನಿ" ಅಂದ. ನಾನು ಒಳಗ ಹೋಗಿ ಶೇಂಗಾ ಉಂಡಿ ತಂದು ಅವನ ಕಿಸೇಕ್ಕ ತುಂಬಿದೆ.

ಅಷ್ಟರಾಗ ಬೀಗತಿ ಬಂದ್ರು. ಬಸ್ಸಿನಿಂದ ಇಳದವರ ಕೈಯಾಗ ಅಜಿವಾನದ ಗಂಟು, ಬೆಲ್ಲ, ಬಗಲಾಗ ಹೊಸಾ ಗೋಣಿ ತಟ್ಟು! ಪಾಪ, ಮಗಳ ಎಮ್ಮಿ ಈ ಸಲಾನರ ಉಳೀಲಿ ಅಂತ ಹೊತಗೊಂಡು ಬಂದಿದ್ರು. ಅಂಕಣಕ್ಕ ಹೊಕ್ಕವರ ಕಿಂಡಿ ನೋಡಿ ಎದಿ ಮ್ಯಾಲೆ ಕೈಯಿಟ್ಟರು.

"ಯಕ್ಕಾ, ಇದೇನ್ರಿ ಇದು! ಎದಿ ಎದುರಿಗೆ ಗಾಳಿ! ಇವತ್ತು ನಾಳೆ ಈಯೂ ಎಮ್ಮಿ! ಕಿಂಡಿ ಮುಚ್ಚಸ್ರಿ ಮೊದಲ. ಅಗ್ಗಿಷ್ಟಿಗಿ ಎಲ್ಲೈತಿ?"

"ಐತ್ರಿ ಬೀಗ್ತಿ, ತರತೇನಿ. ನೀವು ಸ್ವಲ್ಪ ಬರ್ರಿ ನನ್ನ ಜೋಡಿ" ಅಂದೆ.

ಹಿತ್ತಲಕ್ಕ ಕರಕೊಂಡು ಹೋದೆ. ಖಾಲಿ ನಿಂತಿದ್ದ ತಗಡಿನ ಶೆಡ್ಡಿನಾಗ ಕೂಡೂ ಮಣಿ ಹಾಕಿ, "ಕುಂದರ್ರಿ" ಅಂದೆ. ಕುಂತ್ರು. ಅಗ್ಗಿಷ್ಟಿಗಿ ತುಂಬ ಕೆಂಡ ಹಾಕಿ ತಂದು ಮುಂದ ಇಟ್ಟೆ. ಅವರ ಹೊಸಾ ಗೋಣಿ ತಟ್ಟು ಅವರ ಹೆಗಲಿಗೆ ಹೊಚ್ಚಿದೆ. ಸೊಸಿ ಬೆಲ್ಲದ ಬಿಸಿನೀರು ತಂಬಿಗಿ ತುಂಬ ತಂದು, ನಗು ತಡಕೊಳ್ಳಾಕ ಆಗದ ಅತ್ತಾಗ ಮಾರಿ ಮಾಡಿ ಕೊಟ್ಲು.

"ಕುಡೀರಿ ಬೀಗ್ತಿ. ಬಾಣಂತಿ ಆಗೀರಿ ಅಂತ ತಿಳಕೊಳ್ರಿ."

"ಏನ ಚ್ಯಾಷ್ಟಿ ನಿಮ್ದು!" ಅಂದ್ರು. ಒಂದು ಗುಟುಕು ಕುಡದ್ರು. ಹಣಿಯಿಂದ ಬೆವರು ಗಲ್ಲಕ್ಕ ಇಳೀತು, ಮೂಗಬಟ್ಟಿನ ಮ್ಯಾಲೆ ನಿಂತಿತು. ತಗಡು ಟಣ್ ಅಂತು. ಮತ್ತೊಂದು ಗುಟುಕಿಗೆ ತಂಬಿಗಿ ಕೆಳಗಿಟ್ಟು, ತಟ್ಟು ಕಿತ್ತು ಒಗದು, ಶೆಡ್ಡಿನಿಂದ ಹೊರಗ ಓಡಿ ಬೇವಿನ ಗಿಡದ ಕೆಳಗ ನಿಂತ್ರು.

"ಸಾಯತಿದ್ದೆನಲ್ರಿ! ಒಂದು ತಂಬಿಗಿ ತಣ್ಣೀರು ಕೊಡ್ರಿ ಮೊದಲ!"

"ಎಮ್ಮಿನೂ ಇದನ್ನ ಕೇಳತಿತ್ರಿ, ಅದಕ್ಕ ಬಾಯಿ ಇರಲಿಲ್ಲ. ನಿಮ್ಮ ರೂಢಿ ನಿಮ್ಮ ಮಳಿಗೆ ಚಲೋ. ನಮ್ಮಲ್ಲಿ ಅಗ್ಗಿಷ್ಟಿಗಿ ಮ್ಯಾಲೇನ ಐತಿ ನೋಡ್ರಿ" ಅಂತ ಆಕಾಶಕ್ಕ ಕೈ ಮಾಡಿದೆ.

ಅವರು ನೀರು ಕುಡದು, ಸೆರಗಿಲೆ ಮಾರಿ ವರಸಿಕೊಂಡು, ಕುಂತು ಸ್ವಲ್ಪ ಹೊತ್ತು ನಕ್ಕರು. ಆಮ್ಯಾಲೆ "ಹ್ವಾದ ವರ್ಷದ ಕರಾ..." ಅಂದು ಮಾತು ಅಲ್ಲಿಗೇ ಬಿಟ್ಟರು. ನಾನು ಅವರ ಕೈ ಹಿಡಕೊಂಡೆ. ಸಂಜೀಕೆ ಆ ಹೊಸಾ ತಟ್ಟು ಬೀಗತೀನ ಸ್ವಂತ ಕೈಲೆ ತೋಯಿಸಿ ಕಿಂಡಿಗೆ ಕಟ್ಟಿದ್ರು.

ಎಮ್ಮಿ ಮರುದಿನ ಮುಂಜಾನೆ ಈತು. ಇನ್ನೂ ತಂಪಿತ್ತು. ಸೊಸಿ ಅದರ ತಲಿ ಕಡೆ ಕುಂತಿದ್ಲು, ಬೀಗತಿ ಬೆನ್ನ ತಿಕ್ಕತಿದ್ರು. ಮಗ ತಲಬಾಗಲದಾಗ ಒಮ್ಮೆ ಒಳಗ ಒಮ್ಮೆ ಹೊರಗ. ಹೊಲಕ್ಕ ಹೊತ್ತಾಗೇತಿ ಅಂತಾನ, ಹೋಗೂದಿಲ್ಲ. ಮೊದಲ ಎರಡು ಗೊರಸು ಕಂಡ್ವು, ಆಮ್ಯಾಲೆ ಮೂತಿ. ಕರಾ ನೆಲಕ್ಕ ಬಿದ್ದ ಕೂಡಲೇ ತಾಯಿ ಹೊಳ್ಳಿ ನೆಕ್ಕಾಕ ಹತ್ತಿತು. ಹಿಂದಿನ ಸಲ ಹೊಳ್ಳಿ ನೋಡೂ ತ್ರಾಣಾನೂ ಇರಲಿಲ್ಲ ಅದಕ್ಕ. ನಾನು ಬಾನ್ಯಾಗ ಕೊಡದ ನೀರು ಹಾಕಿ ಸ್ವಲ್ಪ ಬೆಲ್ಲ, ಜ್ವಾಳದ ಹಿಟ್ಟು ಕಲಿಸಿ ಇಟ್ಟೆ. ಎದ್ದು ನಿಂತು ಒಂದ ಉಸಿರಿಗೆ ಹೀರಿ, ಬಾನಿ ತಳಾ ನೆಕ್ಕಿತು. ಕರಾ ಬಿದ್ದು ಎದ್ದು, ಬಿದ್ದು ಎದ್ದು, ಕಡೀಕ ಕೆಚ್ಚಲ ಹುಡಕಿತು. ಸ್ವಲ್ಪ ಹೊತ್ತಿಗೆ ಮಾಸೂ ಬಿತ್ತು.

ಆವಾಗ ನೋಡ್ರಿ ನಾನು ಓಣಿಗೆ ಓಡಿದ್ದು.

ಹೊತ್ತು ನೆತ್ತಿಗೆ ಏರಿದ ಮ್ಯಾಲೆ ನಾವು ಯಾರೂ ನೆಟ್ಟಗ ಕೂಡಲಿಲ್ಲ. ಹಿಂದಿನ ವರ್ಷ ಅದ ಹೊತ್ತಿನಾಗ ತೇಕು ಹತ್ತಿದ್ದು. ಯಜಮಾನರು ಕಿಂಡಿ ಕಡೆ, ಬೀಗತಿ ಕೆಚ್ಚಲದ ಕಡೆ, ನಾನು ಮೂಗಿನ ಹೊಳ್ಳಿ ಕಡೆ ನೋಡಿಕೋತ ಕುಂತ್ವಿ. ಸೊಸಿ ತಟ್ಟಿಗೆ ನೀರು ಹಾಕೂದು ಬಿಡಲಿಲ್ಲ. ಎಮ್ಮಿ ಬಾಯಿ ತೆರೀಲಿಲ್ಲ. ಬಿಸಲು ಹಿತ್ತಲಕ್ಕ ಇಳೀತು. ಎಮ್ಮಿ ಕಾಲು ಮಡಚಿ ಮಲಗಿ ಮೆಲಕ ಹಾಕಾಕ ಹತ್ತಿತು. ಮಗ ಅದನ್ನ ಕೇಳಿ, ಹಿತ್ತಲಕ್ಕ ಹೋಗಿ ಶೆಡ್ಡಿನ ಮ್ಯಾಲಿನ ತಗಡಿಗೆ ಏಣಿ ಹಚ್ಚಿದ.

"ಏನ ಮಾಡಾಕ ಹತ್ತೀಯೋ?" ಅಂದೆ.

"ಮಗ್ಗಲಿನ ತಗಡು ಬಿಚ್ಚತೇನಿ ಯವ್ವಾ. ಮ್ಯಾಲೆ ಕಣಿಕಿ ಹೊರೆ ಹೊಚ್ಚತೇನಿ. ಮಳಿಗಾಲದಾಗ ಕರಾಕ್ಕ ಆಡಾಕ ಜಾಗ ಬೇಕಲ್ಲ" ಅಂದ. ನನ್ನ ಕಡೆ ನೋಡಲಿಲ್ಲ. ಕಿವಿ ಕೆಂಪಾಗಿದ್ವು.

ಕರಾದ ಹೊಟ್ಟಿ ತುಂಬಿ ಅದು ತಾಯಿ ಮಗ್ಗಲ ಮಲಗಿದ ಮ್ಯಾಲೆ, ಉಳಿದ ಹಾಲು ಸೊಸಿ ಹಿಂಡಿದ್ಲು. ಬಂಗಾರದಂಥ ಹಳದಿ, ಮಂದ ಹಾಲು. ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿದ್ವಿ. ಮೊದಲು ದೇವರ ಮುಂದ, ಆಮ್ಯಾಲೆ ಟೆಂಪೋ ಹುಡುಗನ ಮನಿಗೆ, ಬೇಲಿ ಆಚಿಯಾಕಿಗೆ ಒಂದೊಂದು ಬಟ್ಟಲ. ಪಡಸಾಲ್ಯಾಗ ಊಟಕ್ಕ ಕುಂತ್ವಿ. ಯಜಮಾನರು, ಮಗ, ಬೀಗತಿ, ಸೊಸಿ, ನಾನು, ಎಲ್ಲಾರೂ ಒಂದ ಸಾಲಿನಾಗ, ಕೆಳಗ ಅಂಕಣದಾಗ ತಾಯಿ ಮಗಳು ಕಾಣೂವಂಗ. ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಿಣ್ಣ. ಬೀಗತಿ ಗಿಣ್ಣ ಬಾಯಾಗ ಇಟಗೊಂಡು, "ನಮ್ಮೂರ ರುಚಿ ಹಂಗ ಐತಿ" ಅಂದ್ರು. "ನಿಮ್ಮೂರ ಹಾಲು, ನಮ್ಮೂರ ಗಾಳಿ" ಅಂದೆ. ಸೊಸಿ ಊಟದ ನಡುವ ಎದ್ದು ಹೋಗಿ, ಶೆಡ್ಡಿನ ಗೂಟದಾಗ ಇನ್ನೂ ಇದ್ದ ಸತ್ತ ಕರಾದ ಹಗ್ಗ ಬಿಚ್ಚಿ ಹೊರಗ ಇಟ್ಟು, ಹೊಸಾದು ಕಟ್ಟಿ ಬಂದು, ಕೈ ತೊಳಕೊಂಡು ಮತ್ತ ರೊಟ್ಟಿ ಮುರದ್ಲು.

ಮೊಮ್ಮಗಳು ತಾಟು ಎತ್ತಿಕೊಂಡು ಮೆಟ್ಟಲದ ಕಡೆ ಹೊಂಟ್ಲು.

"ಎಲ್ಲಿಗೆ ಹೊಂಟೆವ್ವಾ?"

"ಕರಾ ಒಂದ ಐತಿ ಆಯಿ. ಅದರ ಜೋಡಿ ಉಣತೇನಿ."

ಮಗ ನಕ್ಕು ತನ್ನ ತಾಟು ಎತ್ತಿಕೊಂಡ. ಅವನ ಹಿಂದ ಸೊಸಿ. ಬೀಗತಿ, "ನಡೀರಿ ಯಕ್ಕಾ, ಅಲ್ಲೇ ಗಾಳಿ ಚಲೋ ಐತಿ" ಅಂದ್ರು. ಎಲ್ಲಾರೂ ತಾಟು ಹಿಡಕೊಂಡು ಮೆಟ್ಟಲ ತುಂಬ ಕುಂತು ಉಂಡ್ವಿ, ಕಿಂಡಿಯ ಗಾಳಿ ಮೈಮ್ಯಾಲೆ ಹಾಯ್ಕೋತ ಇತ್ತು.